ಅಜ್ಜಿ ಮನೆಯ ಕೆಂಪು ನೆಲವನ್ನು ಮೂರನೇ ಮಹಡಿಯ ಫ್ಲಾಟ್‌ಗೆ ತರುವುದು ಹೇಗೆ?

ಸಾಗರದ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಜಗಲಿಯ ನೆಲ ಕೆಂಪಗಿತ್ತು. ಬೇಸಿಗೆಯ ಮಧ್ಯಾಹ್ನ ಊಟ ಆದ ಮೇಲೆ ಚಾಪೆ ಕೂಡ ಹಾಸದೆ ಅದರ ಮೇಲೆ ಮಲಗುತ್ತಿದ್ದೆವು. ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಮೂಲೆಯಲ್ಲಿ ಬೆತ್ತದ ಆರಾಮ ಕುರ್ಚಿ. ಮೇಲೆ ಮಂಗಳೂರು ಹೆಂಚು, ಅದರ ನಡುವೆ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿಯುವ ಬಿಸಿಲಿನ ಕೋಲು ಎಲ್ಲಿ ಬಿದ್ದಿದೆ ಅಂತ ನೋಡಿಯೇ ಅಜ್ಜಿ ಹೊತ್ತು ಎಷ್ಟಾಯಿತು ಅಂತ ಹೇಳುತ್ತಿದ್ದರು.

ಈಗ ಮನೆ ಅಲಂಕಾರದ ಯಾವ ಚಿತ್ರ ನೋಡಿದರೂ ನನಗೆ ಆ ಮನೆಯೇ ಕಾಣುತ್ತದೆ. ಲೈಮ್‌ವಾಶ್ ಗೋಡೆ ಅಂದರೆ ಸುಣ್ಣ ಬಳಿದ ಗೋಡೆ. ಎರಡು ಬಣ್ಣದ ಗೋಡೆ ಅಂದರೆ ಆ ಕೆಮ್ಮಣ್ಣಿನ ಪಟ್ಟಿ. ರಾಟನ್ ಅಂದರೆ ಬೆತ್ತ, ಟೆರಾಕೋಟಾ ಅಂದರೆ ಸುಟ್ಟ ಮಣ್ಣು. ಬಣ್ಣಗಳ ಲೆಕ್ಕ ಇಡುವ ಪ್ಯಾಂಟೋನ್ ಸಂಸ್ಥೆ 2025ರ ಬಣ್ಣ ಅಂತ ಆರಿಸಿದ್ದು ಮೋಕಾ ಮೂಸ್ ಎಂಬ ಕಂದು ಬಣ್ಣ. ಹಾಲು ಬೆರೆಸಿದ ಫಿಲ್ಟರ್ ಕಾಫಿ ನೋಡಿದವರಿಗೆ ಅದು ಹೊಸದಲ್ಲ. ಹತ್ತು ವರ್ಷದ ಹಿಂದೆ ಎಲ್ಲರೂ ಬಯಸುತ್ತಿದ್ದ ಹೊಳೆಯುವ ನೇರಳೆ ಸನ್ಮೈಕ, ಕನ್ನಡಿಯಂಥ ಬಿಳಿ ನೆಲ ಹಿಂದೆ ಸರಿದು, ಮಣ್ಣು, ಮರ, ಸುಣ್ಣ, ಹತ್ತಿ ಮುಂದೆ ಬಂದಿವೆ. ನನಗೆ ಇದು ನಿಜಕ್ಕೂ ಖುಷಿಯ ವಿಷಯ.

ಆದರೆ ಒಂದು ಬೇಸರವೂ ಇದೆ. ಅಂಗಡಿಗೆ ಹೋದರೆ ಬೆತ್ತದ ಚಿತ್ರ ಅಚ್ಚಾದ ಸನ್ಮೈಕ ಸಿಗುತ್ತದೆ, ಮರದ ಹಾಗೆ ಕಾಣುವ ಪಿವಿಸಿ ಪಟ್ಟಿ ಸಿಗುತ್ತದೆ, ಇಟ್ಟಿಗೆಯ ಸ್ಟಿಕ್ಕರ್ ಸಿಗುತ್ತದೆ. ಎರಡು ವರ್ಷಕ್ಕೆ ಅಂಚು ಎದ್ದು ಬರುತ್ತದೆ. ನಾನು ಹೇಳುವುದು ಇಷ್ಟೇ: ಚಿತ್ರ ತರಬೇಡಿ, ವಸ್ತು ತನ್ನಿ. ಸ್ವಲ್ಪವೇ ಇರಲಿ, ನಿಜವಾದದ್ದು ಇರಲಿ. ಬೆಂಗಳೂರಿನಂಥ ಊರಿನ ಎರಡು ಬೆಡ್‌ರೂಮಿನ ಫ್ಲಾಟ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾವುದು ಮೊದಲು ಯಾವುದು ಆಮೇಲೆ ಅಂತ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ವಾರ ಏನೂ ಕೊಳ್ಳಬೇಡಿ

ಒಂದು ನೋಟ್‌ಬುಕ್ ಹಿಡಿದು ಮನೆಯನ್ನು ನೋಡಿ. ಬೆಳಿಗ್ಗೆ ಎಂಟಕ್ಕೆ ಬಿಸಿಲು ಯಾವ ಗೋಡೆ ಮೇಲೆ ಬೀಳುತ್ತದೆ? ಮಧ್ಯಾಹ್ನ ಮೂರಕ್ಕೆ ಯಾವ ಕೋಣೆ ಕಾಯುತ್ತದೆ? ಚಪ್ಪಲಿ ಎಲ್ಲಿ ರಾಶಿ ಬೀಳುತ್ತದೆ? ಪೇಪರ್, ಬೀಗದ ಕೈ, ಮೊಬೈಲ್ ಚಾರ್ಜರ್ ತಾವಾಗಿಯೇ ಯಾವ ಜಾಗಕ್ಕೆ ಹೋಗಿ ಕೂರುತ್ತವೆ? ಮನೆಯವರು ಸೋಫಾದಲ್ಲಿ ಕೂರುತ್ತಾರಾ, ಅಥವಾ ಸೋಫಾಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಾರಾ? ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುವುದರಿಂದ ಹಿಡಿದು ಮಕ್ಕಳ ಹೋಮ್‌ವರ್ಕ್‌ವರೆಗೆ ಎಲ್ಲವೂ ನೆಲದ ಮೇಲೆಯೇ ನಡೆಯುತ್ತದೆ ಅಂತ ಗೊತ್ತಾಗಿದ್ದು ಹೀಗೆ ಬರೆದಿಟ್ಟಾಗ. ಆಮೇಲೆ ದೊಡ್ಡ ಟೀಪಾಯಿ ಕೊಳ್ಳುವ ಯೋಚನೆಯನ್ನೇ ಬಿಟ್ಟೆವು.

ಹಬ್ಬದ ಲೆಕ್ಕವನ್ನೂ ಬರೆಯಿರಿ. ದಸರೆಗೆ ಗೊಂಬೆ ಕೂರಿಸುವವರಾದರೆ ಮೆಟ್ಟಿಲು ಇಡಲು ಐದಾರು ಅಡಿ ಗೋಡೆ ಖಾಲಿ ಬೇಕು. ಬಾಗಿಲ ಮುಂದೆ ರಂಗೋಲಿ ಬಿಡಲು ಜಾಗ ಬೇಕು. ಇದನ್ನು ಡಿಸೈನರ್ ತಾವಾಗಿ ಕೇಳುವುದಿಲ್ಲ. ನೀವೇ ಹೇಳಬೇಕು.

ಕೊನೆಯದಾಗಿ ಅಳತೆ. ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ, ಕಿಟಕಿಯ ಅಳತೆ, ಸ್ವಿಚ್ ಬೋರ್ಡ್ ಎಲ್ಲಿದೆ ಅನ್ನುವುದು. ಲಿಫ್ಟಿನ ಒಳಗಿನ ಅಳತೆಯನ್ನೂ ಬರೆದುಕೊಳ್ಳಿ. ಏಳಡಿ ಸೋಫಾ ಮೆಟ್ಟಿಲಲ್ಲಿ ಸಿಕ್ಕಿಹಾಕಿಕೊಂಡಾಗ ಆ ಅಳತೆಯ ಬೆಲೆ ಗೊತ್ತಾಗುತ್ತದೆ.

ಬೆಳಕು: ಎಲ್ಲಕ್ಕಿಂತ ಕಡಿಮೆ ಖರ್ಚು, ಎಲ್ಲಕ್ಕಿಂತ ದೊಡ್ಡ ಬದಲಾವಣೆ

ಗೋಡೆ, ಸೋಫಾ ಏನನ್ನೂ ಮುಟ್ಟದೆ ಬರೀ ಬಲ್ಬ್ ಬದಲಾಯಿಸಿ ನೋಡಿ. ನಮ್ಮ ಕಡೆ ಮನೆಗಳಲ್ಲಿ ಹೆಚ್ಚಾಗಿ ಇರುವುದು 6500 ಕೆಲ್ವಿನ್ ಬಲ್ಬ್. ಡಬ್ಬಿಯ ಮೇಲೆ ಈ ಸಂಖ್ಯೆ ಅಚ್ಚಾಗಿರುತ್ತದೆ. ಸಂಖ್ಯೆ ಏರಿದಂತೆ ಬೆಳಕು ನೀಲಿಯ ಕಡೆಗೆ ಹೋಗುತ್ತದೆ, ಇಳಿದಂತೆ ದೀಪದ ಹಳದಿಗೆ ಬರುತ್ತದೆ. ಹಾಲ್‌ಗೆ, ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್ ಸಾಕು. ಅಡುಗೆಮನೆಗೆ, ಓದುವ ಮೇಜಿಗೆ 4000 ಚೆನ್ನ. ಒಂದೇ ಕೋಣೆಯಲ್ಲಿ ಮೂರು ಬಗೆಯ ಬಿಳಿ ಬೆರೆಸಬೇಡಿ. ಕಣ್ಣಿಗೆ ಕಿರಿಕಿರಿ.

ಡಬ್ಬಿಯ ಮೇಲೆ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವುದರ ಅಳತೆ ಅದು. ಪೂರ್ತಿ ಅಂಕ 100. ಬಟ್ಟೆಯ ಬೀರುವಿನ ಹತ್ತಿರ, ಕನ್ನಡಿಯ ಹತ್ತಿರ 90ಕ್ಕಿಂತ ಮೇಲಿನದು ಹಾಕಿ. ಇಳಕಲ್ ಸೀರೆಯ ದಾಳಿಂಬೆ ಕೆಂಪು ಅಂಗಡಿಯಲ್ಲಿ ಒಂದು ಥರ, ಮನೆಯಲ್ಲಿ ಇನ್ನೊಂದು ಥರ ಕಂಡಿದ್ದರೆ ಕಾರಣ ಇದೇ ಇರಬಹುದು.

ಮಾಳಿಗೆಯ ನಡುವಿನ ಒಂದೇ ದೊಡ್ಡ ದೀಪದ ಬದಲು ಮೂರು ಕಡೆ ಸಣ್ಣ ದೀಪ ಇಡಿ. ಒಂದು ಕೂರುವ ಜಾಗದ ಪಕ್ಕ, ಒಂದು ದೂರದ ಮೂಲೆಯಲ್ಲಿ, ಒಂದು ಕೆಲಸ ಮಾಡುವ ಕಡೆ. ಊಟದ ಮೇಜಿನ ಮೇಲೆ ತೂಗುದೀಪ ಹಾಕುವುದಾದರೆ ಮೇಜಿನಿಂದ 30ರಿಂದ 36 ಇಂಚು ಮೇಲೆ ಇರಲಿ. ಅದಕ್ಕಿಂತ ಕೆಳಗಾದರೆ ಎದುರು ಕೂತವರ ಮುಖ ಮರೆಯಾಗುತ್ತದೆ. ಇಂಥ ದೀಪ, ವೈರು, ಹೋಲ್ಡರು ಎಲ್ಲ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಾಲು ಅಂಗಡಿಗಳಲ್ಲಿ ಒಂದೇ ಓಡಾಟಕ್ಕೆ ಸಿಗುತ್ತದೆ.

ಫಾಲ್ಸ್ ಸೀಲಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಉತ್ತರ: ಕೋಣೆ ಹತ್ತಡಿಗಿಂತ ಕಡಿಮೆ ಎತ್ತರ ಇದ್ದರೆ ಬೇಡ. ನಮ್ಮ ಹಾಲ್‌ಗೆ ಒಂದು ಸಲ ಹಾಕಿಸಿದ್ದೆವು. ಆರು ಇಂಚು ಎತ್ತರ ಹೋಯಿತು, ಕೋಣೆ ಕುಗ್ಗಿದ ಹಾಗಾಯಿತು. ಮೇಲಿನ ಮನೆಯ ಬಚ್ಚಲಿನಿಂದ ನೀರು ಜಿನುಗಿದ್ದು ಪಿಒಪಿ ಹಾಳೆ ಕಂದು ಬಣ್ಣಕ್ಕೆ ತಿರುಗುವವರೆಗೆ ಗೊತ್ತೇ ಆಗಲಿಲ್ಲ. ತೆಗೆಸಿದ ಮೇಲೆ ಫ್ಯಾನ್ ಗಾಳಿಯೂ ಸರಿಯಾಗಿ ಬಂತು. ದೀಪಕ್ಕಾಗಿಯೇ ಬೇಕು ಅನ್ನಿಸಿದರೆ ಗೋಡೆಯ ಅಂಚಿಗೆ ಮಾತ್ರ ಕಿರಿದಾಗಿ ಹಾಕಿಸಿ, ನಡುವೆ ಬಿಟ್ಟುಬಿಡಿ. ಆ ದುಡ್ಡಿನಲ್ಲಿ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಮೋಟರಿನ ಫ್ಯಾನ್ ಕೊಳ್ಳಬಹುದು. ಹಳೆ ಫ್ಯಾನ್ 75 ವ್ಯಾಟ್ ಆಸುಪಾಸು ಎಳೆದರೆ ಇದು 30ರ ಆಸುಪಾಸು.

ಗೋಡೆ: ಸುಣ್ಣ ಮತ್ತು ಕೆಮ್ಮಣ್ಣು

ಬಣ್ಣದ ಕಾರ್ಡ್ ತೆಗೆಯುವ ಮುಂಚೆ ಗೋಡೆಯನ್ನು ಕೈಯಿಂದ ಸವರಿ. ಎಲ್ಲಾದರೂ ತೇವ, ಉಬ್ಬಿದ ಪುಟ್ಟಿ, ಉಪ್ಪಿನ ಹಾಗೆ ಬಿಳಿ ಪುಡಿ ಇದೆಯಾ? ಇದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ಸರಿ ಮಾಡಿಸಿ. ತೇವದ ಗೋಡೆಗೆ ಎಂಥ ದುಬಾರಿ ಪೇಂಟ್ ಹೊಡೆದರೂ ಮುಂದಿನ ಮಳೆಗಾಲಕ್ಕೆ ಕಿತ್ತು ಬರುತ್ತದೆ. ಪೇಂಟ್ ಕೆಲಸಕ್ಕೆ ಬೆಂಗಳೂರಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಚ ಮುಟ್ಟಲೇಬೇಡಿ.

ಈಗ ಬಣ್ಣ. ಮಣ್ಣು, ಮರಳು, ಬೆಲ್ಲ, ಒಣ ಹುಲ್ಲು, ಹಾಗಲಕಾಯಿ ಹಸಿರು, ಇವೆಲ್ಲ ಇವತ್ತಿನ ಬಣ್ಣಗಳು. ಕಾರ್ಡಿನಲ್ಲಿ ನೋಡಿದ್ದಕ್ಕಿಂತ ನಾಲ್ಕು ಗೋಡೆಯ ಮೇಲೆ ಬಣ್ಣ ಗಾಢವಾಗಿ ಕಾಣುತ್ತದೆ. ಆದ್ದರಿಂದ ಮನಸ್ಸಿಗೆ ಬಂದ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿ. ಚಿಕ್ಕ ಡಬ್ಬಿ ತಂದು ಎರಡು ಬೇರೆ ಗೋಡೆಯ ಮೇಲೆ ಎರಡಡಿ ಚೌಕ ಬಳಿದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದ ಕೆಳಗೆ ನೋಡಿ. ಮೂರು ದಿನ ಹಾಗೇ ಇರಲಿ. ಬಲ್ಬ್ ಮೊದಲು ಬದಲಾಯಿಸಿ ಅಂದಿದ್ದು ಇದಕ್ಕೇ. ಬಿಳಿ ಬೆಳಕಿನಲ್ಲಿ ಆರಿಸಿದ ಕಾಫಿ ಬಣ್ಣ ಹಳದಿ ಬೆಳಕಿನಲ್ಲಿ ಬೇರೆಯದೇ ಆಗಿಬಿಡುತ್ತದೆ.

ಲೈಮ್‌ವಾಶ್ ಅಂತ ಈಗ ಕರೆಯುವ ಮೋಡದಂಥ ಗೋಡೆ ನಿಮಗೆ ಇಷ್ಟವಾದರೆ ಎರಡು ದಾರಿ ಇದೆ. ಒಂದು, ನಿಜವಾದ ಸುಣ್ಣ. ಇದು ಗಾರೆ ಗೋಡೆಗೆ, ಪೇಂಟ್ ಹೊಡೆಯದ ಬರೀ ಸಿಮೆಂಟ್ ಗೋಡೆಗೆ ಹಿಡಿಯುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಹೊಡೆದ ಗೋಡೆಗೆ ಹಿಡಿಯುವುದಿಲ್ಲ. ಹಳೆ ಪೇಂಟ್ ಪೂರ್ತಿ ಕೆರೆಯಬೇಕು. ಸುಣ್ಣದ ಗೋಡೆಯಲ್ಲಿ ಬೂಷ್ಟು ಬೇಗ ಬೆಳೆಯುವುದಿಲ್ಲ, ಅದು ದೊಡ್ಡ ಲಾಭ. ಆದರೆ ಒರಗಿದರೆ ಬಟ್ಟೆಗೆ ಸ್ವಲ್ಪ ಹತ್ತುತ್ತದೆ. ಮಂಚದ ತಲೆಯ ಕಡೆಗೆ ಬೇಡ. ಬಳಿಯುವಾಗ ಕೈಗವಸು, ಕನ್ನಡಕ ಇರಲೇಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಇನ್ನೊಂದು ದಾರಿ, ಅದೇ ನೋಟ ಕೊಡುವ ರೆಡಿಮೇಡ್ ಪೇಂಟ್. ಅದರ ಪ್ರೈಮರ್ ಹಾಕಿ, ಅಗಲ ಕುಂಚದಿಂದ ಅಡ್ಡಾದಿಡ್ಡಿ ಎಳೆಯಬೇಕು. ರೋಲರ್ ಕೂಡದು. ಎಲ್ಲ ಗೋಡೆಗೂ ಮಾಡಿದರೆ ಕಣ್ಣಿಗೆ ಜಾಸ್ತಿಯಾಗುತ್ತದೆ. ಒಂದು ಗೋಡೆ ಸಾಕು.

ನನಗೆ ತುಂಬಾ ಇಷ್ಟವಾದದ್ದು ಬುಡದ ಪಟ್ಟಿ. ಹಳ್ಳಿಯ ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದದ್ದು ಚೆಂದಕ್ಕೆ ಮಾತ್ರ ಅಲ್ಲ. ನೆಲ ಸಾರಿಸುವಾಗ ಸಿಡಿದ ನೀರು, ಒರಗಿ ಕೂತವರ ಬೆನ್ನು, ತಲೆಯ ಎಣ್ಣೆ, ಎಲ್ಲದರ ಕಲೆ ಆ ಪಟ್ಟಿಯಲ್ಲೇ ಮರೆಯಾಗುತ್ತಿತ್ತು. ಈಗಲೂ ಅದೇ ಕೆಲಸಕ್ಕೆ ಬರುತ್ತದೆ. ನೆಲದಿಂದ ಮೂರಡಿಯವರೆಗೆ ಕಾವಿ ಅಥವಾ ಗಾಢ ಕಂದು, ಮೇಲೆ ಬೆಣ್ಣೆ ಬಿಳಿ. ಕೆಳಗಿನದಕ್ಕೆ ಒರೆಸಿದರೆ ಹೋಗುವಂಥ ಪೇಂಟ್ ಕೇಳಿ. ಗೆರೆ ನೇರ ಬರಲು ನೂಲು ಹಿಡಿದು ಗುರುತು ಮಾಡಿ, ಮಾಸ್ಕಿಂಗ್ ಟೇಪ್ ಅಂಟಿಸಿ. ಪೇಂಟ್ ಪೂರ್ತಿ ಒಣಗುವ ಮುಂಚೆ ಟೇಪ್ ನಿಧಾನಕ್ಕೆ ಎಳೆಯಿರಿ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕೆಂಪು ನೆಲ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಜನ ಕೈ ಸುಟ್ಟುಕೊಳ್ಳುವುದು ಇಲ್ಲೇ.

ರೆಡ್ ಆಕ್ಸೈಡ್ ನೆಲ ಅಂದರೆ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಸಿಮೆಂಟಿಗೆ ಬೆರೆಸಿ ಕೈಯಲ್ಲಿ ನಯ ಮಾಡಿದ ನೆಲ. ಟೈಲ್ಸ್ ಹಾಗೆ ತಂದು ಅಂಟಿಸುವ ವಸ್ತು ಅಲ್ಲ. ಪೂರ್ತಿ ಮೇಸ್ತ್ರಿಯ ಕೈಚಳಕ. ಹಾಗಾಗಿ ಮೊದಲ ಕೆಲಸ ಮೇಸ್ತ್ರಿಯನ್ನು ಹುಡುಕುವುದು. ಮೊಬೈಲಿನ ಫೋಟೋ ನಂಬಬೇಡಿ. ಎರಡು ಮೂರು ವರ್ಷದ ಹಿಂದೆ ಅವರು ಮಾಡಿದ ನೆಲಕ್ಕೆ ಹೋಗಿ, ಚಪ್ಪಲಿ ಬಿಟ್ಟು ನಡೆದು ನೋಡಿ. ಬಣ್ಣ ಎಲ್ಲ ಕಡೆ ಒಂದೇ ಇದೆಯಾ, ಪುಡಿ ಏಳುತ್ತಿದೆಯಾ, ಬಿರುಕು ಎಷ್ಟು ಅಗಲ ಇದೆ ಅಂತ ಗಮನಿಸಿ. ಕೂದಲೆಳೆಯಂಥ ಬಿರುಕು ಈ ನೆಲದ ಸ್ವಭಾವ. ಅದು ಬೇಡವೇ ಬೇಡ ಅನ್ನುವವರು ಈ ನೆಲ ಆರಿಸದಿರುವುದೇ ಒಳ್ಳೆಯದು.

ಕೆಲಸದ ದಿನ ನೀವು ಗಮನಿಸಬೇಕಾದ್ದು ಇವು. ಒಂದು ಕೋಣೆಗೆ ಬೇಕಾಗುವಷ್ಟು ಸಿಮೆಂಟು, ಆಕ್ಸೈಡು ಪೂರ್ತಿಯಾಗಿ ಮೊದಲೇ ಒಣದಾಗಿ ಬೆರೆಸಿ ಜರಡಿ ಹಿಡಿದಿಡಬೇಕು. ಅರ್ಧ ಇವತ್ತು, ಅರ್ಧ ನಾಳೆ ಬೆರೆಸಿದರೆ ನೆಲದಲ್ಲಿ ಎರಡು ಬಣ್ಣ ಕಾಣುತ್ತದೆ. ಒಂದು ಕೋಣೆ ಒಂದೇ ದಿನ ಮುಗಿಯಬೇಕು. ಕೆಲಸ ನಡೆಯುವಾಗ ಫ್ಯಾನ್ ಹಾಕಬೇಡಿ, ಕಿಟಕಿಗೆ ಪರದೆ ಬಿಡಿ. ಬೇಗ ಒಣಗಿದರೆ ಬಿರುಕು ಬಿಡುತ್ತದೆ. ನೆಲ ಗಟ್ಟಿಯಾದ ಮೇಲೆ ಒಂದು ವಾರ ಅದರ ಮೇಲೆ ನೀರು ನಿಂತಿರುವಂತೆ ನೋಡಿಕೊಳ್ಳಬೇಕು. ಆ ವಾರ ಯಾರೂ ಏಣಿ ಎಳೆಯಬಾರದು, ಬಡಗಿ ಕೆಲಸ ನಡೆಯಬಾರದು. ಅದಕ್ಕೇ ಮರದ ಕೆಲಸವನ್ನು ನೆಲ ಆದ ಮೇಲೆ ಇಟ್ಟುಕೊಳ್ಳಿ.

ಆಮೇಲಿನ ಆರೈಕೆ ಸುಲಭ. ಬರೀ ನೀರಲ್ಲಿ ಒರೆಸಿದರೂ ಸಾಕು. ಆ್ಯಸಿಡ್ ಮಾತ್ರ ತಾಗಿಸಬೇಡಿ. ನಿಂಬೆ, ಹುಣಸೆ ರಸ ಚೆಲ್ಲಿದರೆ ತಕ್ಷಣ ಒರೆಸಿ, ಬಿಟ್ಟರೆ ಬಿಳಿ ಕಲೆ ನಿಲ್ಲುತ್ತದೆ. ಆಗಾಗ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಹೊಳಪು ಏರುತ್ತದೆ. ನಾಲ್ಕೇ ಹನಿ. ಜಾಸ್ತಿಯಾದರೆ ವಯಸ್ಸಾದವರು ಜಾರುತ್ತಾರೆ.

ಇನ್ನು ಫ್ಲಾಟ್ ವಿಷಯ. ಮೂರನೇ ಮಹಡಿಯಲ್ಲಿ ಈಗಾಗಲೇ ವಿಟ್ರಿಫೈಡ್ ಟೈಲ್ಸ್ ಇದೆ ಅಂದರೆ ಅದರ ಮೇಲೆಯೇ ದಪ್ಪಗೆ ಸಿಮೆಂಟ್ ನೆಲ ಹಾಕಿಸುವ ಯೋಚನೆ ಬಿಡಿ. ಭಾರ ಏರುತ್ತದೆ, ಬಾಗಿಲು ನೆಲಕ್ಕೆ ತಗಲುತ್ತದೆ, ಹಿಡಿತವೂ ಸರಿ ಇರುವುದಿಲ್ಲ. ಟೈಲ್ಸ್ ಒಡೆಸಬೇಕು, ಅದಕ್ಕೆ ಅಸೋಸಿಯೇಷನ್ ಒಪ್ಪಿಗೆ ಬೇಕು, ಕೆಳಗಿನ ಮನೆಯವರ ತಾಳ್ಮೆಯೂ ಬೇಕು. ನನ್ನ ಸಲಹೆ, ಬಾಲ್ಕನಿಯಲ್ಲಿ ಅಥವಾ ದೇವರ ಕೋಣೆಯಲ್ಲಿ ಮಾತ್ರ ಮಾಡಿಸಿ. ಸಣ್ಣ ಜಾಗವಾದ್ದರಿಂದ ಬಿರುಕು ಕಡಿಮೆ, ಖರ್ಚು ಕಡಿಮೆ, ದಿನಾ ಕಣ್ಣಿಗೆ ಬೀಳುತ್ತದೆ. ನಾವು ಮಾಡಿದ್ದು ಇದನ್ನೇ. ನಾಲ್ಕಡಿ ಅಗಲದ ಬಾಲ್ಕನಿ ಅದು. ಮಧ್ಯಾಹ್ನ ಅಲ್ಲಿ ಮಲಗಿದರೆ ಬೆನ್ನಿಗೆ ಅದೇ ತಣ್ಣನೆ ಹತ್ತುತ್ತದೆ.

ಹೊಸದಾಗಿ ಮನೆ ಕಟ್ಟುವವರಾದರೆ ಆತ್ತಂಗುಡಿ ಟೈಲ್ಸ್ ಕೂಡ ನೋಡಬಹುದು. ತಮಿಳುನಾಡಿನ ಚೆಟ್ಟಿನಾಡು ಸೀಮೆಯ ಆತ್ತಂಗುಡಿ ಊರಿನಲ್ಲಿ ಗಾಜಿನ ಮೇಲೆ ಬಣ್ಣದ ಸಿಮೆಂಟ್ ಸುರಿದು ಕೈಯಲ್ಲೇ ಮಾಡುತ್ತಾರೆ. ಸುಡುವುದಿಲ್ಲ. ಬಳಸಿದಷ್ಟೂ ಹೊಳಪು ಬರುತ್ತದೆ. ಆದರೆ ಇದಕ್ಕೂ ಆ್ಯಸಿಡ್ ಆಗುವುದಿಲ್ಲ, ಸಾಗಣೆಯಲ್ಲಿ ಒಂದಷ್ಟು ಒಡೆಯುತ್ತದೆ. ಲೆಕ್ಕಕ್ಕಿಂತ ಹತ್ತಕ್ಕೆ ಒಂದು ಜಾಸ್ತಿ ತರಿಸಿ. ಮಿಕ್ಕಿದ್ದನ್ನು ಎಸೆಯಬೇಡಿ, ಮುಂದೆ ರಿಪೇರಿಗೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.

ಹಳೆ ನೆಲ, ಹಳೆ ಗೋಡೆ, ಹಳೆ ಕಂಬ ಹೇಗಿದ್ದವು ಅಂತ ಕಣ್ಣಾರೆ ನೋಡಬೇಕಾದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಒಮ್ಮೆ ಹೋಗಿ ಬನ್ನಿ. ಬೀಳಲಿದ್ದ ಮನೆಗಳನ್ನು ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ಎತ್ತಿ ನಿಲ್ಲಿಸಿದ ಜಾಗ ಅದು. ಹತ್ತು ಕ್ಯಾಟಲಾಗ್ ನೋಡುವುದಕ್ಕಿಂತ ಅಲ್ಲಿ ಅರ್ಧ ದಿನ ಓಡಾಡುವುದು ಮೇಲು.

ಅಡುಗೆಮನೆ

ಬಾಗಿಲಿಲ್ಲದ ತೆರೆದ ಕಪಾಟು ಈಗಿನ ಫ್ಯಾಷನ್. ದಿನಕ್ಕೆ ಮೂರು ಸಲ ಒಗ್ಗರಣೆ ಸಿಡಿಯುವ ಮನೆಗೆ ಅದು ಸರಿಯಲ್ಲ. ಹದಿನೈದು ದಿನಕ್ಕೆ ಪ್ರತಿ ಲೋಟದ ಮೇಲೂ ಎಣ್ಣೆ ಧೂಳು ಕೂರುತ್ತದೆ. ದಿನಾ ಬಳಸಿ ತೊಳೆಯುವ ಪಾತ್ರೆಗೆ, ಒಲೆಯಿಂದ ದೂರ, ಒಂದೇ ಒಂದು ತೆರೆದ ಹಲಗೆ ಇರಲಿ. ಹಿತ್ತಾಳೆ ಕೊಳಗ, ಕಲ್ಲಿನ ಮರಿಗೆ ಇದ್ದರೆ ಅಲ್ಲಿಡಿ. ಬಳಸುವ ಸಾಮಾನೇ ಅಲಂಕಾರವಾದರೆ ಎಷ್ಟು ಚೆಂದ, ಅಲ್ವಾ?

ಕಟ್ಟೆಯ ಎತ್ತರ ಎಲ್ಲರಿಗೂ 32 ಇಂಚು ಅಂತ ಕಟ್ಟಿಬಿಡುತ್ತಾರೆ. ಅಡುಗೆ ಮಾಡುವವರನ್ನು ನಿಲ್ಲಿಸಿ, ಮೊಣಕೈ ಮಡಚಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಲ್ಲಿ ನಾಲ್ಕು ಇಂಚು ಕಳೆದರೆ ಅವರಿಗೆ ಹೊಂದುವ ಎತ್ತರ ಸುಮಾರಾಗಿ ಸಿಗುತ್ತದೆ. ಸೊಂಟ ನೋವು ಎಷ್ಟೋ ಸಲ ಕಟ್ಟೆಯ ಎತ್ತರದ ಒಂದೆರಡು ಇಂಚಿನ ವ್ಯತ್ಯಾಸದಿಂದಲೇ ಬರುತ್ತದೆ.

ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆ ಓದಿ. ಸಿಂಕ್ ಕೆಳಗೆ ಐಎಸ್ 710 ಮುದ್ರೆಯ ಬಿಡಬ್ಲ್ಯೂಪಿ ಪ್ಲೈ, ಅಂದರೆ ಕುದಿಯುವ ನೀರಿಗೂ ತಡೆಯುವ ಪ್ಲೈ ಬೇಕು. ಬೇರೆ ಕಡೆ ಐಎಸ್ 303 ನಡೆಯುತ್ತದೆ. ಹಿಡಿಕೆ ಇಲ್ಲದ ನುಣುಪು ಬಾಗಿಲಿನ ಮೇಲೆ ಎಣ್ಣೆ ಕೈಯ ಗುರುತು ಎದ್ದು ಕಾಣುತ್ತದೆ. ಹಿಡಿಕೆ ಹಾಕಿಸಿ. ಚನ್ನಪಟ್ಟಣದ ಬಣ್ಣದ ಮರದ ಗುಂಡು ಹಿಡಿಕೆ ಹಾಕಿದರೆ ಸಪ್ಪೆ ಕಪಾಟಿಗೂ ಜೀವ ಬರುತ್ತದೆ.

ಕೂರುವ ಜಾಗ

ಸೋಫಾ ಕೊಳ್ಳುವ ಮುಂಚೆ ಅದರ ಅಳತೆಗೆ ಹಳೆ ಪೇಪರ್ ಹಾಳೆ ಅಂಟಿಸಿ ನೆಲದ ಮೇಲೆ ಹಾಸಿ. ಎರಡು ದಿನ ಅದನ್ನು ತುಳಿಯದೆ ಓಡಾಡಿ. ಓಡಾಡುವ ದಾರಿ ಮೂರಡಿ ಉಳಿದರೆ ಸರಿ. ಉಳಿಯದಿದ್ದರೆ ಎಲ್ ಆಕಾರದ ಸೋಫಾ ಬಿಟ್ಟು, ಎರಡು ಜನ ಕೂರುವ ಸೋಫಾ ಮತ್ತು ಒಂದು ದಿವಾನ ಸಾಕು. ದಿವಾನ ರಾತ್ರಿ ಬಂದ ನೆಂಟರಿಗೆ ಹಾಸಿಗೆಯೂ ಆಗುತ್ತದೆ. ತಗ್ಗಿನ ಆಸನ ಈಗ ಎಲ್ಲೆಡೆ ಕಾಣುತ್ತದೆ, ನೋಡಲು ಚೆಂದ. ಆದರೆ ಮನೆಯಲ್ಲಿ ಮಂಡಿ ನೋವಿನ ಅಪ್ಪ ಅಮ್ಮ ಇದ್ದರೆ 17ರಿಂದ 18 ಇಂಚು ಎತ್ತರದ, ಕೈ ಊರಲು ಹಿಡಿ ಇರುವ ಒಂದು ಕುರ್ಚಿಯಾದರೂ ಇರಲಿ. ಬಿಳಿ ಉಣ್ಣೆಯಂಥ ಬಟ್ಟೆಯ ಸೋಫಾ ನಮ್ಮ ಧೂಳಿಗೆ, ನಮ್ಮ ಕಾಫಿಗೆ ತಡೆಯುವುದಿಲ್ಲ. ಬಿಚ್ಚಿ ಒಗೆಯುವ ಹತ್ತಿ ಹೊದಿಕೆ ಇರುವುದನ್ನೇ ಕೇಳಿ.

ಬೆತ್ತದ ಕುರ್ಚಿ ಹಳೆಯದು ಸಿಕ್ಕರೆ ಬಿಡಬೇಡಿ. ಮರದಲ್ಲಿ ಸೂಜಿ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಹುಳ ಇನ್ನೂ ಇದೆ ಅಂತ ಅರ್ಥ. ಅದು ಬೇಡ. ಹೆಣಿಗೆ ಮಾತ್ರ ಜೋತಿದ್ದರೆ ಚಿಂತೆ ಇಲ್ಲ. ಕುರ್ಚಿ ತಲೆಕೆಳಗು ಮಾಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಹೆಣಿಗೆಯ ಅಡಿಭಾಗವನ್ನು ಚೆನ್ನಾಗಿ ನೆನೆಸಿ, ನೆರಳಲ್ಲಿ ಒಂದು ದಿನ ಒಣಗಲು ಬಿಡಿ. ಒಣಗುತ್ತಾ ಬೆತ್ತ ಬಿಗಿಯುತ್ತದೆ. ಪೂರ್ತಿ ಹರಿದಿದ್ದರೆ ಹೆಣೆದುಕೊಡುವವರು ಊರಲ್ಲಿ ಇನ್ನೂ ಇದ್ದಾರೆ, ಹುಡುಕಿ ಕರೆಸಿ.

ಕೈಕೆಲಸದ ವಸ್ತುಗಳು: ಕೋಣೆಗೆ ಒಂದು ಸಾಕು

ಎಲ್ಲವನ್ನೂ ಒಟ್ಟಿಗೆ ತಂದಿಟ್ಟರೆ ಮನೆ ಎಂಪೋರಿಯಂ ಆಗಿಬಿಡುತ್ತದೆ. ಕೋಣೆಗೆ ಒಂದು ಆರಿಸಿ, ಅದರ ಸುತ್ತ ಜಾಗ ಬಿಡಿ.

ಹಾಲ್‌ಗೆ ನನ್ನ ಮೊದಲ ಆಯ್ಕೆ ನವಲಗುಂದ ಜಮಖಾನೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುವ ಹತ್ತಿ ಹಾಸು. ಈ ಊರಿನದೇ ಕಸುಬು ಅಂತ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ನವಿಲು, ಪಗಡೆಯ ಚೌಕ, ಗಾಢ ಬಣ್ಣ. ಕೊಳ್ಳುವಾಗ ತಿರುಗಿಸಿ ನೋಡಿ. ಕೈಮಗ್ಗದ ಜಮಖಾನೆಯಲ್ಲಿ ಚಿತ್ರ ಎರಡೂ ಕಡೆ ಕಾಣುತ್ತದೆ. ತಣ್ಣನೆಯ ಬಿಳಿ ಟೈಲ್ಸ್ ನೆಲ ಒಡೆಯದೆಯೇ ಹಾಲ್ ಬೆಚ್ಚಗಾಗಬೇಕಾದರೆ ಇದೊಂದು ಸಾಕು.

ಮಲಗುವ ಕೋಣೆಗೆ ಕೌದಿ. ಹಳೆ ಸೀರೆ, ಪಂಚೆಯ ತುಂಡು ಸೇರಿಸಿ ಹೊಲಿದ ಹೊದಿಕೆ. ಉತ್ತರ ಕರ್ನಾಟಕದ ಬಹಳ ಮನೆಗಳಲ್ಲಿ ಇದ್ದೇ ಇರುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಬಣ್ಣದ ಜೋಡಣೆ ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ನಿಮ್ಮ ಅಮ್ಮನ ಹಳೆ ಸೀರೆಗಳಿದ್ದರೆ ಅದನ್ನೇ ಕೊಟ್ಟು ಹೊಲಿಸಿ. ಸಂಡೂರಿನ ಲಂಬಾಣಿ ಕಸೂತಿಯ ದಿಂಬಿನ ಗವಸು ಒಂದೆರಡು ಜೊತೆಗಿದ್ದರೆ ಸಾಕು. ಕನ್ನಡಿ ಚೂರು ಚುಚ್ಚುವುದರಿಂದ ತಲೆದಿಂಬಿಗೆ ಬೇಡ, ಒರಗುದಿಂಬಿಗೆ ಇರಲಿ.

ಮಕ್ಕಳ ಕೋಣೆಗೆ ಚನ್ನಪಟ್ಟಣ. ಬೆಂಗಳೂರಿನಿಂದ 60 ಕಿಲೋಮೀಟರು, ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಹಗುರವಾದ ಆಲೆ ಮರವನ್ನು ತಿರುಗಣಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆ ಹೊಳಪು ಅರಗಿನದು. ಬಿಸಿಲಿಗೆ, ನೀರಿಗೆ ಇಡಬೇಡಿ.

ಬಿದರಿ ವಸ್ತು ಇದ್ದರೆ ಒಂದು ಎಚ್ಚರಿಕೆ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬಳಸಿ ಕಪ್ಪು ಮಾಡುತ್ತಾರೆ. ಆ ಕಪ್ಪನ್ನು ಕೊಳೆ ಅಂದುಕೊಂಡು ಹಿತ್ತಾಳೆ ಪುಡಿ ಹಾಕಿ ಉಜ್ಜಿದವರನ್ನು ನೋಡಿದ್ದೇನೆ. ಕರಕುಶಲಿಯ ಶ್ರಮವೆಲ್ಲ ಹೋಗುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟೇ. ಕಪ್ಪು ವಸ್ತುವಾದ್ದರಿಂದ ತಿಳಿ ಬಣ್ಣದ ಗೋಡೆಯ ಮುಂದೆ ಇಡಿ, ಬೆಳ್ಳಿ ಗೆರೆ ಎದ್ದು ಕಾಣುತ್ತದೆ.

ಊರೂರು ಸುತ್ತಲು ಆಗದವರು ಬೆಂಗಳೂರಿನ ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂಗೆ ಹೋಗಬಹುದು, ಸರ್ಕಾರದ್ದೇ ಅಂಗಡಿ. ಆದರೂ ಒಮ್ಮೆಯಾದರೂ ಮಾಡುವವರ ಕೈಯಿಂದಲೇ ಕೊಳ್ಳಿ. ಚೌಕಾಶಿ ಮಾಡುವ ಮುಂಚೆ ಅವರು ಕೆಲಸ ಮಾಡುವುದನ್ನು ಹತ್ತು ನಿಮಿಷ ನೋಡಿ.

ಗಿಡದ ಬಗ್ಗೆ ಎರಡು ಮಾತು. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ನೀರು ಜಾಸ್ತಿಯಾದರೆ ಮಾತ್ರ ಸಾಯುತ್ತವೆ. ನಾಲ್ಕು ಕುಂಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಅನ್ನುವ ಮಾತು 1989ರ ನಾಸಾ ಅಧ್ಯಯನದಿಂದ ಹಬ್ಬಿದ್ದು. ಆ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ಗಾಳಿಗೆ ಕಿಟಕಿ ತೆರೆಯಿರಿ, ಗಿಡವನ್ನು ಚೆಂದಕ್ಕೆ ಇಡಿ. ಪುಟ್ಟ ಮಕ್ಕಳಿದ್ದರೆ ಡೈಫೆನ್‌ಬಾಕಿಯಾ ಬೇಡ, ಎಲೆ ಕಚ್ಚಿದರೆ ಬಾಯಿ ಊದಿಕೊಳ್ಳುತ್ತದೆ.

ಬಾಡಿಗೆ ಮನೆಯವರಿಗೆ

ನೆಲ, ಗೋಡೆ ನಿಮ್ಮದಲ್ಲ. ಆದರೂ ಮಾಡಬಹುದಾದ್ದು ಬೇಕಾದಷ್ಟಿದೆ. ಬಲ್ಬ್, ಪರದೆ, ಜಮಖಾನೆ, ಕೌದಿ, ನೆಲದ ಮೇಲೆ ನಿಲ್ಲುವ ದೀಪ, ಬೆತ್ತದ ಕುರ್ಚಿ, ಇವೆಲ್ಲ ಲಾರಿ ಹತ್ತಿ ನಿಮ್ಮ ಜೊತೆಗೇ ಬರುತ್ತವೆ. ಇರುವ ದುಡ್ಡನ್ನು ಇದರಲ್ಲೇ ಹಾಕಿ. ಪರದೆಯ ರಾಡ್ ಕಿಟಕಿಗಿಂತ ಅರ್ಧ ಅಡಿ ಮೇಲಿರಲಿ, ಬಟ್ಟೆ ನೆಲದವರೆಗೆ ಬರಲಿ. ಸಣ್ಣ ಕಿಟಕಿಯೂ ದೊಡ್ಡದಾಗಿ ಕಾಣುತ್ತದೆ. ಮುಂದಿನ ಮನೆಯ ಕಿಟಕಿ ಎಷ್ಟಿರುತ್ತದೋ ಗೊತ್ತಿಲ್ಲ, ಹಾಗಾಗಿ ಪರದೆ ಹೊಲಿಸುವಾಗ ಕೆಳಗೆ ನಾಲ್ಕು ಇಂಚು ಒಳಮಡಿಕೆ ಬಿಡಿಸಿ.

ಮೊಳೆ ಹೊಡೆಯಲು ಮಾಲೀಕರು ಒಪ್ಪದಿದ್ದರೆ ಚಿತ್ರಗಳನ್ನು ಗೋಡೆಗೆ ಒರಗಿಸಿ ಕಪಾಟಿನ ಮೇಲೆ ಇಡಿ. ಬುಡದ ಪಟ್ಟಿಗೆ ಬಣ್ಣ ಹಚ್ಚಲು ಆಸೆಯಿದ್ದರೆ ಮೊದಲೇ ಕೇಳಿ, ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಿಚ್ಚಿದ ಹಳೆ ಬಲ್ಬು, ಹೋಲ್ಡರು, ಕಪಾಟಿನ ಹಿಡಿಕೆ, ಅದರ ಸ್ಕ್ರೂ ಸಮೇತ ಒಂದು ಡಬ್ಬಿಗೆ ಹಾಕಿ, ಯಾವುದು ಯಾವ ಕೋಣೆಯದು ಅಂತ ಚೀಟಿ ಅಂಟಿಸಿ ಸಜ್ಜದ ಮೇಲೆ ಇಡಿ. ಮನೆ ಬಿಡುವ ದಿನ ಅದು ಬೇಕಾಗುತ್ತದೆ.